ಮೋಟರ್ ಪಕ್ಕದಲ್ಲಿ ಎಸ್‌ಪಿಐ: ನಾಲ್ಕು ಐಸೊಲೇಟರ್ ಹಾಕಿ ನೋಡಿದೆ

"ಅಣ್ಣಾರ, ಮೋಟರ್ ಚಾಲು ಆದ್ರ ಸಾಕು, ರೀಡಿಂಗ್ ಕುಣೀತದ ನೋಡ್ರಿ." ಕಲಬುರಗಿಯ ಕಪನೂರಿನಲ್ಲಿ ಒಂದು ತೊಗರಿ ಬೇಳೆ ಮಿಲ್ಲು. ಅಲ್ಲಿನ ಎಲೆಕ್ಟ್ರಿಷಿಯನ್ ಫೋನ್ ಮಾಡಿ ಹೀಗೆ ಹೇಳಿದಾಗ ನಾನು ಕಟ್ಟಿಕೊಟ್ಟ ಬೋರ್ಡ್‌ಗೆ ಇನ್ನೂ ವಾರವೂ ತುಂಬಿರಲಿಲ್ಲ.

ಕೆಲಸ ಇಷ್ಟೇ. ಮೋಟರ್ ಲೈನಿನ ಕರೆಂಟನ್ನು ಶಂಟ್ (ಅಳತೆಗೆಂದೇ ಇರುವ ಪುಟ್ಟ ರೆಸಿಸ್ಟರ್) ಹಾಕಿ ಅಳೆಯಬೇಕು. ಆ ಕಡೆ 5 ವೋಲ್ಟಿನ ಎಂಸಿಪಿ3008 ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್. ಈ ಕಡೆ ಅದನ್ನು ಓದುವ 3.3 ವೋಲ್ಟಿನ ಮೈಕ್ರೋಕಂಟ್ರೋಲರ್ ಇಎಸ್‌ಪಿ32. ನಡುವೆ ಎಸ್‌ಪಿಐನ (ಚಿಪ್‌ಗಳು ಕ್ಲಾಕಿನ ತಾಳಕ್ಕೆ ಬಿಟ್ ಕಳಿಸಿಕೊಳ್ಳುವ ಪದ್ಧತಿ) ನಾಲ್ಕು ತಂತಿ, ಕ್ಲಾಕ್ 2 ಮೆಗಾಹರ್ಟ್ಜ್. ಎಡಿಸಿ ಕೂತಿರುವುದು ಲೈನ್ ವೋಲ್ಟೇಜಿನ ಮೇಲೆ. ಹಾಗಾಗಿ ನಾಲ್ಕೂ ತಂತಿಗೆ ಐಸೊಲೇಶನ್ ಬೇಕೇ ಬೇಕು, ಅಂದರೆ ಸಿಗ್ನಲ್ ದಾಟಬೇಕು, ಕರೆಂಟ್ ದಾಟಬಾರದು. ಬೋರ್ಡ್ ವಾಪಸ್ ತಂದು ಟೇಬಲ್ ಮೇಲೆ ನಾಲ್ಕು ಬಗೆ ಹಾಕಿ ನೋಡಿದೆ. ಸ್ಕೋಪ್ (ಸಿಗ್ನಲ್ಲಿನ ಗೆರೆ ತೋರಿಸುವ ಆಸಿಲೋಸ್ಕೋಪ್) ಹಿಡಿದದ್ದು ಬೋರ್ಡಿಗೆ ಬ್ಯಾಟರಿ ಪವರ್ ಕೊಟ್ಟು ಮಾತ್ರ. ಸ್ಕೋಪಿನ ಗ್ರೌಂಡ್ ಕ್ಲಿಪ್ ಅರ್ತ್‌ಗೆ ಸೇರಿರುತ್ತದೆ, ಲೈನ್ ಕಡೆ ಹಿಡಿದರೆ ಜೀವಕ್ಕೇ ಅಪಾಯ.

ಮೊದಲನೆಯದು ಪಿಸಿ817, ಆಪ್ಟೊಕಪ್ಲರ್: ಒಳಗಿನ ಎಲ್‌ಇಡಿಯ ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲವೇ ರೂಪಾಯಿಗೆ ಸಿಗುತ್ತದೆ, ಎಲ್ಲರ ಡಬ್ಬಿಯಲ್ಲೂ ಇರುತ್ತದೆ. 2 ಮೆಗಾಹರ್ಟ್ಜ್ ಕೊಟ್ಟೆ, ಆಚೆ ಕಡೆ ಬರೀ ಅಡ್ಡ ಗೆರೆ. ಅದು ಆನ್ ಆಫ್ ಆಗಲು ಮೈಕ್ರೋಸೆಕೆಂಡುಗಳೇ ಬೇಕು, ನನ್ನ ಕ್ಲಾಕಿನ ಅರ್ಧ ಸುತ್ತು 250 ನ್ಯಾನೋಸೆಕೆಂಡ್. ರಿಲೇಗೆ, 9600 ಬಾಡ್ (ಸೆಕೆಂಡಿಗೆ 9600 ಬಿಟ್) ಸೀರಿಯಲ್‌ಗೆ ಸರಿ, ಅಷ್ಟೇ.

ಮಿಲ್ಲಿನಲ್ಲಿ ಕೈಕೊಟ್ಟದ್ದು 6ಎನ್137. ಇದೂ ಆಪ್ಟೊಕಪ್ಲರ್, ಆದರೆ 10 ಮೆಗಾಬಾಡ್ ಎಂದು ಡೇಟಾಶೀಟಿನ ಮೊದಲ ಪುಟದಲ್ಲೇ ಇದೆ. 2 ಮೆಗಾಹರ್ಟ್ಜ್‌ಗೆ ಧಾರಾಳ ಸಾಕು ಅಂದುಕೊಂಡಿದ್ದೆ. ಲೆಕ್ಕ ತಪ್ಪಿದ್ದು ಅಲ್ಲೇ. ಕ್ಲಾಕ್ ಹೋಗುವಾಗ ಒಂದು ಸಲ ತಡ, ಡೇಟಾ ವಾಪಸ್ ಬರುವಾಗ ಇನ್ನೊಂದು ಸಲ. ಬಿಸಿಯನ್ನೂ ಸೇರಿಸಿದರೆ ಒಂದೊಂದಕ್ಕೆ 100 ನ್ಯಾನೋಸೆಕೆಂಡ್‌ವರೆಗೆ ಹೋಗಬಹುದು, ಎರಡಕ್ಕೆ 200. ಎಡಿಸಿ ಡೇಟಾ ಹೊರಗೆ ಹಾಕಲು ಇನ್ನೂ 125. ಒಟ್ಟು 325 ಆಯಿತು, ನನ್ನ ಹತ್ತಿರ ಇರುವುದು ಕ್ಲಾಕಿನ ಅರ್ಧ ಸುತ್ತಿನ 250. ಅಂದರೆ ಬಿಟ್ ಬಂದು ಮುಟ್ಟುವ ಮೊದಲೇ ಇಎಸ್‌ಪಿ32 ಓದಿ ಮುಗಿಸಿರುತ್ತದೆ. ಟೇಬಲ್ ಮೇಲೆ ತಣ್ಣಗಿದ್ದಾಗ ಹೇಗೋ ನಡೆಯಿತು, ಮೇ ತಿಂಗಳ ಕಲಬುರಗಿಯಲ್ಲಿ, ಮುಚ್ಚಿದ ಪ್ಯಾನೆಲ್ ಒಳಗೆ ನಡೆಯಲಿಲ್ಲ. ಸಾಲದ್ದಕ್ಕೆ ಪಕ್ಕದಲ್ಲೇ ವಿಎಫ್‌ಡಿ (ಮೋಟರಿನ ವೇಗ ಹೊಂದಿಸುವ ಡ್ರೈವ್), ಅದರ ಸ್ವಿಚಿಂಗ್ ಗದ್ದಲ ಬೇರೆ. ಕ್ಲಾಕನ್ನು 1 ಮೆಗಾಹರ್ಟ್ಜ್‌ಗೆ ಇಳಿಸಿದೆ, ಟೇಬಲ್ ಮೇಲೆ ಸರಿಹೋಯಿತು.

ಆದರೂ ಅದನ್ನು ಬಿಟ್ಟೆ. ನಾಲ್ಕು ತಂತಿಗೆ ನಾಲ್ಕು ಚಿಪ್, ಒಂದೊಂದಕ್ಕೂ ಎಲ್‌ಇಡಿ ರೆಸಿಸ್ಟರ್, ಪುಲ್‌ಅಪ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಎಂಸಿಪಿ3008ನ ಔಟ್‌ಪುಟ್ ಪಿನ್ನಿಗೆ ಎಲ್‌ಇಡಿ ಹೊತ್ತಿಸುವಷ್ಟು ಕಸುವಿಲ್ಲ, ಅದಕ್ಕೊಂದು ಬಫರ್ ಹಾಕಬೇಕಾಯಿತು. ಎಲ್‌ಇಡಿ ವರ್ಷ ಕಳೆದಂತೆ ಮಂಕಾಗುತ್ತದೆ, ಶಾಖ ಹೆಚ್ಚಿದ್ದರೆ ಇನ್ನೂ ಬೇಗ. ಒಂದು ಮಾತು ಮಾತ್ರ ಇದರ ಪರ: ಉದ್ದ ಕಾಲಿನ ಡಿಪ್ ಪ್ಯಾಕೇಜಿನಲ್ಲಿ ಸಿಗುತ್ತದೆ, ಸಾಕೆಟ್ ಹಾಕಿಟ್ಟರೆ ಮಿಲ್ಲಿನವರೇ ಬದಲಾಯಿಸಿಕೊಳ್ಳಬಹುದು.

ಮೂರನೆಯದು ಅನಲಾಗ್ ಡಿವೈಸಸ್‌ನ ಎಡಿಯುಎಂ1401. ಒಳಗೆ ಬೆಳಕಿಲ್ಲ, ಪುಟಾಣಿ ಟ್ರಾನ್ಸ್‌ಫಾರ್ಮರ್ ಇದೆ. ಮೂರು ಲೈನ್ ಆ ಕಡೆಗೆ, ಒಂದು ಈ ಕಡೆಗೆ, ಎಸ್‌ಪಿಐಗೆ ಹೇಳಿ ಮಾಡಿಸಿದ ಹಾಗೆ. ಮೋಟರ್ ಹತ್ತಿರ ಟ್ರಾನ್ಸ್‌ಫಾರ್ಮರಿನ ಸಿಗ್ನಲ್ ಕೆಡುವುದಿಲ್ಲವಾ ಎಂಬ ಭಯ ನನಗೂ ಇತ್ತು. ಡೇಟಾಶೀಟಿನ ಲೆಕ್ಕದಲ್ಲಿ 1 ಮೆಗಾಹರ್ಟ್ಜ್‌ನಲ್ಲಿ 5 ಮಿಲಿಮೀಟರ್ ದೂರದಿಂದ ಅದನ್ನು ಕೆಡಿಸಲು 500 ಆಂಪಿಯರ್ ಬೇಕು! ನನಗೆ ಪೆಟ್ಟು ಬಿದ್ದದ್ದು ಒಂದು ಅಕ್ಷರದಿಂದ. ನಾನು ಮೊದಲು ತರಿಸಿದ್ದು ಎ ಗ್ರೇಡ್, ಅದು ಸೆಕೆಂಡಿಗೆ ಬರೀ 1 ಮೆಗಾಬಿಟ್. ಬಿ ಆದರೆ 10, ಸಿ ಆದರೆ 90. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಆರ್ಡರ್ ಹಾಕುವಾಗ ನಂಬರಿನ ಕೊನೆಯ ಅಕ್ಷರಗಳನ್ನು ದಯವಿಟ್ಟು ಎರಡು ಸಲ ನೋಡಿ. ಬಿ ಗ್ರೇಡ್ ಬಂದ ಮೇಲೆ ತಕರಾರಿಲ್ಲದೆ ಓಡಿತು.

ಕೊನೆಗೆ ಉಳಿಸಿಕೊಂಡದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಐಎಸ್‌ಒ7741. ಸಿಲಿಕಾನ್ ಡೈಆಕ್ಸೈಡ್ ಪದರದ ಕೆಪಾಸಿಟರ್ ಮೂಲಕ ಸಿಗ್ನಲ್ ದಾಟುತ್ತದೆ. 100 ಮೆಗಾಬಿಟ್, ತಡ ಸುಮಾರು 11 ನ್ಯಾನೋಸೆಕೆಂಡ್. ಹೋಗಿ ಬರಲು 22, ಎಡಿಸಿಯ 125 ಸೇರಿದರೂ 150 ದಾಟುವುದಿಲ್ಲ. 3.3 ಮತ್ತು 5 ವೋಲ್ಟಿನ ಹೊಂದಾಣಿಕೆಯೂ ಅದರಲ್ಲೇ ಆಗುತ್ತದೆ. ಈ ಕಡೆ ಪವರ್ ಹೋದರೆ ಆ ಕಡೆ ಔಟ್‌ಪುಟ್ ಹೈನಲ್ಲಿ ನಿಲ್ಲುತ್ತದೆ, ಚಿಪ್ ಸೆಲೆಕ್ಟ್‌ಗೆ (ಎಡಿಸಿಯನ್ನು ಕರೆಯುವ ತಂತಿ, ಹೈ ಇದ್ದರೆ ಅದು ಸುಮ್ಮನಿರುತ್ತದೆ) ನಮಗೆ ಬೇಕಾದದ್ದೇ ಅದು. ಹೆಸರಿನ ಕೊನೆಗೆ ಎಫ್ ಇದ್ದರೆ ಲೋನಲ್ಲಿ ನಿಲ್ಲುತ್ತದೆ, ಅದನ್ನು ತರಿಸಬೇಡಿ. ವಿಎಫ್‌ಡಿ ಪಕ್ಕದಲ್ಲಿ ಮೋಟರ್ ಹತ್ತು ಸಲ ಚಾಲು ಮಾಡಿಸಿ ನೋಡಿದೆ, ರೀಡಿಂಗ್ ಅಲುಗಲಿಲ್ಲ. ಕಷ್ಟ ಒಂದೇ, ಅಗಲ ಮೈಯ ಎಸ್‌ಎಂಡಿ, ಅಂದರೆ ಬೋರ್ಡಿನ ಮೇಲ್ಮೈಗೇ ಬೆಸೆಯುವ ಚಿಪ್. ಬೆಸುಗೆಗೆ ಸಣ್ಣ ತುದಿಯ ಐರನ್, ಸಾಕಷ್ಟು ಫ್ಲಕ್ಸ್ ಬೇಕು.

ಈ ಚಿಪ್ 5000 ವೋಲ್ಟ್ ತಡೆಯುತ್ತದೆ ಎಂದು ನಾನು ಹಿಗ್ಗಿದ್ದೆ. ಪಕ್ಕದಲ್ಲಿ ಎಡಿಸಿಗೆ ಪವರ್ ಕೊಡಲು ಹಾಕಿದ್ದ ಬಿ0505ಎಸ್ ಮಾಡ್ಯೂಲ್ ಬರೀ 1000 ವೋಲ್ಟಿನದು. ಎರಡು ಕಡೆಯ ನಡುವೆ ಎರಡೂ ಇವೆ, ಹಾಗಾಗಿ ಇಡೀ ಬೋರ್ಡಿನ ತಾಕತ್ತು ಸಾವಿರವೇ. ಈಗ ರೀಇನ್‌ಫೋರ್ಸ್ಡ್ (ಇನ್ನೂ ಗಟ್ಟಿಯಾದ) ಐಸೊಲೇಶನ್ ಇರುವ ಮಾಡ್ಯೂಲ್ ಹಾಕಿದ್ದೇನೆ. ಚಿಪ್ಪಿನ ಹೊಟ್ಟೆಯ ಕೆಳಗೆ ತಾಮ್ರ ಪೂರ್ತಿ ತೆಗೆದಿದ್ದೇನೆ. ಮಿಲ್ಲಿಗೆ ಒಯ್ಯುವ ಮುಂಚೆ ಮಲ್ಟಿಮೀಟರ್ ತೆಗೆದು ಎರಡು ಗ್ರೌಂಡ್‌ಗೆ ಮುಟ್ಟಿಸುತ್ತೇನೆ. ಬೀಪ್ ಬಂದರೆ ಬೋರ್ಡ್ ಟೇಬಲ್ ಮೇಲೇ ಉಳಿಯುತ್ತದೆ.