ರಿಂಗು ಗುಂಡಿ, ಜೋಡಿ ಗುಂಡಿ, ಟ್ರೆಂಚು: ನಮ್ಮ ಮಣ್ಣಿಗೆ ಒಗ್ಗಿದ್ದು ಯಾವುದು

ಪಾಂಡವಪುರದ ಹತ್ತಿರ ನಮ್ಮ ಮನೆ. ಹಿತ್ತಲಿಗೂ ಗದ್ದೆಗೂ ನಡುವೆ ಒಂದು ಬದು, ಅಷ್ಟೇ. ಮನೆ ಕಟ್ಟಿದ್ದು ಬೇಸಿಗೆಯಲ್ಲಿ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸೋಕೆ ಏನು ಮಾಡೋಣ ಅಂದಾಗ ಮೇಸ್ತ್ರಿ ಹಿತ್ತಲಲ್ಲಿ ಒಂದು ಗುಂಡಿ ತೋಡಿಸಿ ಒಂದು ಬಿಂದಿಗೆ ನೀರು ಸುರಿದರು. ಗಟಗಟ ಕುಡಿದ ಹಾಗೆ ಇಳಿದುಹೋಯಿತು. "ನೋಡಿ ಕಣಣ್ಣ, ಹನ್ನೆರಡಡಿ ರಿಂಗು ಇಳಿಸ್ಬುಟ್ರೆ ಇನ್ನು ಇಪ್ಪತ್ತು ವರ್ಷ ಈ ಕಡೆ ತಿರುಗಿ ನೋಡಂಗಿಲ್ಲ" ಅಂದರು. ರಿಂಗು ಅಂದರೆ ತೂತಿರುವ ಸಿಮೆಂಟು ಬಳೆಗಳು, ಒಂದರ ಮೇಲೊಂದು ಗುಂಡಿಗೆ ಇಳಿಸೋದು. ನಾನೂ ನಂಬಿದೆ.

ಆಗಸ್ಟಿನಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರು. ಗದ್ದೆಗಳಲ್ಲಿ ನಾಟಿ ಶುರುವಾಯಿತು. ಹದಿನೈದು ದಿನದಲ್ಲಿ ಕಕ್ಕಸಿನ ಬೇಸಿನ್ನಿಗೆ ನೀರು ಹಾಕಿದರೆ ಗುಳುಗುಳು ಅಂತ ಸದ್ದು ಮಾಡಿ ಅಲ್ಲೇ ನಿಂತುಕೊಳ್ಳೋಕೆ ಶುರು. ಗುಂಡಿಯ ಮುಚ್ಚಳ ತೆಗೆದರೆ ನೀರು ಕತ್ತಿನವರೆಗೆ ಬಂದಿತ್ತು. ಸಕ್ಕಿಂಗ್ ಲಾರಿ ಕರೆಸಿ ಖಾಲಿ ಮಾಡಿಸಿದೆವು. ಎರಡೇ ದಿನಕ್ಕೆ ಮತ್ತೆ ತುಂಬಿತು. ನಮ್ಮ ಮನೆಯ ಐದು ಜನ ಎರಡು ದಿನದಲ್ಲಿ ಅಷ್ಟು ನೀರು ಬಳಸೋಕೆ ಸಾಧ್ಯವೇ ಇಲ್ಲ. ಗದ್ದೆಯ ನೀರೇ ರಿಂಗಿನ ತೂತುಗಳಿಂದ ಒಳಗೆ ಬರ್ತಾ ಇತ್ತು. ನೀರು ಇಂಗಿಸೋಕೆ ಅಂತ ತೋಡಿದ್ದು ಬಾವಿಯಾಗಿತ್ತು! ಅದರ ಜೊತೆಗೆ ನಮ್ಮ ಬೋರು ಅಲ್ಲಿಂದ ಬರೀ ನಲವತ್ತು ಅಡಿ ದೂರ. ಭಾರತೀಯ ಮಾನಕ ಐಎಸ್ 2470 ಹೇಳೋ ಪ್ರಕಾರ ಕುಡಿಯುವ ನೀರಿನ ಮೂಲಕ್ಕೂ ಇಂಗುಗುಂಡಿಗೂ 18 ಮೀಟರ್ ಅಂತರ ಬೇಕು. ಅಂದರೆ ಸುಮಾರು ಅರವತ್ತು ಅಡಿ.

ಆ ಮಾನಕದಲ್ಲೇ ಮಣ್ಣು ಪರೀಕ್ಷೆ ಮಾಡುವ ಕ್ರಮವೂ ಇದೆ. ಅದೇ ಮಳೆಗಾಲದಲ್ಲಿ, ನಾಲೆ ಹರೀತಿರುವಾಗಲೇ ನಾನೇ ಮಾಡಿದೆ. ಒಂದಡಿ ಅಗಲ, ಎರಡೂವರೆ ಅಡಿ ಆಳದ ಎರಡು ಗುಂಡಿ. ಒಂದು ಹಿತ್ತಲಲ್ಲಿ, ಇನ್ನೊಂದು ಮನೆ ಮುಂದಿನ ದಿಬ್ಬದ ಕೆಮ್ಮಣ್ಣಿನಲ್ಲಿ. ಹಾರೆ ತಾಗಿದ ಕಡೆ ಮಣ್ಣು ಸವರಿಟ್ಟ ಹಾಗೆ ನುಣ್ಣಗಾಗಿಬಿಡುತ್ತೆ, ಅಲ್ಲಿ ನೀರು ಇಂಗಲ್ಲ. ಹಾಗಾಗಿ ಕುಡುಗೋಲಿನ ತುದಿಯಿಂದ ಒಳಗೋಡೆ ಕೆರೆದೆ. ತಳಕ್ಕೆ ಎರಡಿಂಚು ಸಣ್ಣ ಜಲ್ಲಿ ಹಾಕಿ ಒಂದಡಿ ನೀರು ತುಂಬಿಸಿ ರಾತ್ರಿಯೆಲ್ಲಾ ಬಿಟ್ಟೆ. ಈ ರಾತ್ರಿ ನೆನೆಸೋದನ್ನೇ ಎಲ್ಲರೂ ಬಿಡೋದು. ಜೇಡಿ ಇರುವ ಮಣ್ಣು ನೆನೆದರೆ ಉಬ್ಬುತ್ತೆ, ಸಂದುಗಳು ಮುಚ್ಚಿಕೊಳ್ಳುತ್ತವೆ. ಮೇಸ್ತ್ರಿಯ ಬಿಂದಿಗೆ ನೀರು ಒಣಮಣ್ಣಿನ ಬಾಯಾರಿಕೆ ತೋರಿಸಿತ್ತು, ಅಷ್ಟೇ.

ಬೆಳಿಗ್ಗೆ ನೀರನ್ನು 150 ಮಿಲಿಮೀಟರಿಗೆ ತಂದು, ಮಗಳ ಸ್ಟೀಲ್ ಸ್ಕೇಲನ್ನು ಕೋಲಿಗೆ ಕಟ್ಟಿ ನಿಲ್ಲಿಸಿದೆ. ದಿಬ್ಬದ ಗುಂಡಿಯಲ್ಲಿ ಮೊದಲ ಅರ್ಧ ಗಂಟೆಗೆ 90 ಮಿಲಿಮೀಟರ್ ಇಳಿಯಿತು. ಮತ್ತೆ ತುಂಬಿಸಿ, ಮತ್ತೆ ಅಳೆದು, ನಾಲ್ಕು ಗಂಟೆ ಆದ ಮೇಲೆ ಕೊನೆಯ ಅರ್ಧ ಗಂಟೆಯಲ್ಲಿ ಇಳಿದದ್ದು 47. ಲೆಕ್ಕಕ್ಕೆ ಈ ಕೊನೆಯದೇ ಬೇಕು. 25 ಮಿಲಿಮೀಟರ್ ಇಳಿಯೋಕೆ 16 ನಿಮಿಷ ಅಂತಾಯಿತು. ಹಿತ್ತಲಿನದರಲ್ಲಿ ಅರ್ಧ ಗಂಟೆಗೆ ಬರೀ 10 ಮಿಲಿಮೀಟರ್, ಅಂದರೆ 75 ನಿಮಿಷ. 30 ನಿಮಿಷದೊಳಗಿದ್ದರೆ ಇಂಗುಗುಂಡಿಯೂ ಆಗುತ್ತೆ, 60ರವರೆಗೆ ಟ್ರೆಂಚು (ಜಲ್ಲಿ, ತೂತಿನ ಪೈಪು ಹಾಕಿದ ಉದ್ದನೆಯ ಕಾಲುವೆ) ವಾಸಿ, 60 ದಾಟಿದರೆ ಎರಡೂ ಬೇಡ. ಹಿತ್ತಲಿನ ಕಥೆ ಅಲ್ಲಿಗೆ ಮುಗಿಯಿತು.

ಇಂಗುಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ 2 ಮೀಟರ್ ಮಣ್ಣಿರಬೇಕು. ದಿಬ್ಬದಲ್ಲಿ ಹತ್ತಡಿ ತೋಡಿದರೂ ನೀರು ಸಿಗಲಿಲ್ಲ. ಆಳದ ಗುಂಡಿಗೆ ಆ ಅಂತರ ಉಳಿಯುತ್ತೆ ಅನ್ನೋ ಖಾತ್ರಿಯಿಲ್ಲ, ಎರಡೂವರೆ ಅಡಿ ಆಳದ ಟ್ರೆಂಚಿಗೆ ಉಳಿಯುತ್ತೆ. ಉದ್ದದ ಲೆಕ್ಕ ಹೀಗೆ: ಮಾನಕದ ಸೂತ್ರದಲ್ಲಿರುವ 204ನ್ನು ನಮಗೆ ಬಂದ 16 ನಿಮಿಷದ ವರ್ಗಮೂಲವಾದ 4ರಿಂದ ಭಾಗಿಸಿದರೆ 51. ಒಂದು ಚದರ ಮೀಟರ್ ತಳಕ್ಕೆ ದಿನಕ್ಕೆ 51 ಲೀಟರ್ ಬಿಡಬಹುದು. ಅಡುಗೆಮನೆ ನೀರು ತೆಂಗಿನ ಬುಡಕ್ಕೆ ಹೋಗೋದರಿಂದ ನಮ್ಮದು ದಿನಕ್ಕೆ 400 ಲೀಟರ್. ಹತ್ತಿರ ಹತ್ತಿರ 8 ಚದರ ಮೀಟರ್ ಬೇಕು. ಎರಡಡಿ ಅಗಲ, 22 ಅಡಿ ಉದ್ದದ ಎರಡು ಟ್ರೆಂಚು ಹೊಡೆಸಿ, ಜಲ್ಲಿ ಹಾಸಿ, ತೂತು ಕೊರೆದ ಪೈಪು ಮಲಗಿಸಿದೆವು.

ತಾಪತ್ರಯ ಇಲ್ಲ ಅಂತಲ್ಲ. ಟ್ಯಾಂಕು ತಗ್ಗಿನಲ್ಲಿ, ಟ್ರೆಂಚು ದಿಬ್ಬದಲ್ಲಿ. ಹಾಗಾಗಿ ಒಂದು ಪಂಪು ಕೂರಿಸಲೇಬೇಕಾಯಿತು. ಮೊದಲೇ ಪರೀಕ್ಷೆ ಮಾಡಿದ್ದರೆ ಟ್ಯಾಂಕನ್ನೇ ಸರಿಯಾದ ಕಡೆ ಕಟ್ಟಬಹುದಿತ್ತು. ಟ್ರೆಂಚಿಗೆ ಜಾಗವೂ ಜಾಸ್ತಿ ಬೇಕು. ಅದರ ಮೇಲೆ ಗಾಡಿ ಓಡಾಡಬಾರದು, ತೆಂಗು ನೆಡಬಾರದು, ಬೇರು ಪೈಪಿಗೆ ನುಗ್ಗುತ್ತೆ.

ಜೋಡಿ ಗುಂಡಿ ಮಾಡಿಸಿದ್ದು ನಾಗಮಂಗಲದ ಕಡೆ ಇರುವ ಅಕ್ಕನ ಮನೆಯಲ್ಲಿ. ನಾಲೆ ಇಲ್ಲ, ಗೊರಚು ಮಣ್ಣು, 25 ಮಿಲಿಮೀಟರಿಗೆ 4 ನಿಮಿಷ. ಸೆಪ್ಟಿಕ್ ಟ್ಯಾಂಕೇ ಬೇಡ. ಇಟ್ಟಿಗೆ ನಡುವೆ ಸಂದು ಬಿಟ್ಟು ಕಟ್ಟಿದ ಎರಡು ಗುಂಡಿ, ಮಧ್ಯೆ ಒಂದು ಚೇಂಬರು. ಒಂದು ತುಂಬಿದರೆ ಅದರ ಬಾಯಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸೋದು. ಖರ್ಚಿನಲ್ಲಿ ಮೂರರಲ್ಲೂ ಇದೇ ಅಗ್ಗ. ನಾಲ್ಕು ವರ್ಷಕ್ಕೆ ಮೊದಲನೆಯದು ತುಂಬಿತು. ಎರಡು ವರ್ಷ ಮುಚ್ಚಿಟ್ಟು ತೆಗೆದಾಗ ಹಳೇ ತಿಪ್ಪೆಗೊಬ್ಬರದ ಹಾಗೆ ಉದುರುದುರಾಗಿತ್ತು, ವಾಸನೆಯೇ ಇರಲಿಲ್ಲ. ಭಾವ ಹತ್ತಿರ ಬರಲಿಲ್ಲ. ಅಕ್ಕ ಸುಮ್ನೆ ಎರಡು ಬಾಂಡಲಿ ತಗೊಂಡು ಹೋಗಿ ದಾಸವಾಳಕ್ಕೆ ಹಾಕಿದಳು. ಆದರೆ ಬಚ್ಚಲು ನೀರನ್ನು ಇದಕ್ಕೆ ಬಿಡೋ ಹಾಗಿಲ್ಲ, ಅದಕ್ಕೆ ಬೇರೆ ದಾರಿ ಮಾಡಬೇಕು.

ಇದನ್ನೇ ನಮ್ಮ ಹಿತ್ತಲಲ್ಲಿ ಮಾಡಿದ್ದರೆ? ರಿಂಗಿನ ಪಾಡೇ ಆಗ್ತಿತ್ತು. ಖುಷ್ಕಿ ಊರಿನಲ್ಲಿ ನನ್ನ ಓಟು ಜೋಡಿ ಗುಂಡಿಗೆ. ನಾಲೆ ಕೆಳಗಿನವರು ದಿಬ್ಬ ಹುಡುಕಿ ಟ್ರೆಂಚು ಹೊಡೆಸಿ. ಪರೀಕ್ಷೆ ಮಾತ್ರ ಗದ್ದೆಯಲ್ಲಿ ನೀರು ನಿಂತಿರುವಾಗಲೇ ಮಾಡಿ. ಆಳದ ರಿಂಗು ಗುಂಡಿಯನ್ನು ನಾನಂತೂ ಇನ್ನು ಯಾರಿಗೂ ಹೇಳಲ್ಲ.

ಟ್ರೆಂಚಿಗೆ ಈಗ ಮೂರನೇ ಮಳೆಗಾಲ. ಹೋದ ವರ್ಷ ಕಬ್ಬಿನ ಟ್ರ್ಯಾಕ್ಟರೊಂದು ಅದರ ಮೇಲೇ ತಿರುಗಿಸಿಕೊಂಡು ಹೋಗಿ ಒಂದು ಕಡೆ ಪೈಪು ಒಡೆಯಿತು. ಈಗ ಆ ಅಂಚಿಗೆ ನಾಲ್ಕು ಸೈಜುಗಲ್ಲು ಇಟ್ಟಿದ್ದೇನೆ.