ಬೊಚ್ಚುಬಾಯಿಗೆ ಸೆಟ್ ಹಲ್ಲು: ದುಡ್ಡು ಹಾಕುವುದಾದರೆ ಕೆಳದವಡೆಗೆ ಹಾಕಿ

ಹಲ್ಲೆಲ್ಲ ಹೋದವರಿಗೆ ಮೇಲಿನ ಸಾದಾ ಸೆಟ್ಟು ಅಷ್ಟಾಗಿ ಕಾಟ ಕೊಡುವುದಿಲ್ಲ. ಅಂಗುಳವನ್ನೆಲ್ಲ ಮುಚ್ಚಿ, ಜೊಲ್ಲಿನ ತೆಳು ಪದರದ ಮೇಲೆ ಅಂಟಿಕೊಂಡು ನಿಲ್ಲುತ್ತದೆ. ಗೋಳೆಲ್ಲ ಕೆಳಗಿನದ್ದು. ಲಾಳದಾಕಾರದ ಸಣ್ಣ ಜಾಗ, ನಡುವೆ ಸದಾ ಆಡುವ ನಾಲಿಗೆ. ಸಾಲದ್ದಕ್ಕೆ ವರ್ಷಗಳು ಕಳೆದಂತೆ ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಆಕಳಿಸಿದರೆ ಸೆಟ್ಟೇ ಎದ್ದುಬರುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಇಂಥ ಕೆಳದವಡೆಗೆ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ತಿರುಪು) ಹಿಡಿದ ಸೆಟ್ಟೇ ಮೊದಲ ಆಯ್ಕೆಯಾಗಲಿ ಎಂದದ್ದು ಇದಕ್ಕೇ.

ಕೆಲಸ ಹೀಗೆ: ಕೋರೆಹಲ್ಲುಗಳಿದ್ದ ಜಾಗದಲ್ಲಿ ಎರಡು ಟೈಟಾನಿಯಂ ತಿರುಪು ಕೂರಿಸುತ್ತಾರೆ. ಮೂಳೆ ಅವನ್ನು ಕಚ್ಚಿಕೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಹಳೆಯ ಸೆಟ್ಟಿನ ಒಳಮೈಯನ್ನು ಆ ಜಾಗದಲ್ಲಿ ಕೆರೆದು, ಮೆತ್ತನೆಯ ಲೈನರ್ (ಒಳಪದರ) ಹಾಕಿ ಕೊಡುತ್ತಾರೆ. ಆಮೇಲೆ ತಿರುಪಿನ ಮೇಲೆ ಗುಂಡಿಯಂಥ ಲೊಕೇಟರ್, ಸೆಟ್ಟಿನೊಳಗೆ ನೈಲಾನ್ ಟೋಪಿ. ಒತ್ತಿದರೆ ಅಂಗಿಯ ಟಿಚ್ ಬಟನ್ ಹಾಗೆ 'ಟಕ್' ಎಂದು ಕೂರುತ್ತದೆ. ಮುದ್ದೆಯನ್ನು ಹೇಗೂ ನುಂಗುತ್ತೇವೆ, ಅದರಿಂದ ಫರಕು ತಿಳಿಯದು. ಖಡಕ್ ರೊಟ್ಟಿ, ಸೌತೆಕಾಯಿ ಕೋಸಂಬರಿ ತಿಂದಾಗ ತಿಳಿಯುತ್ತದೆ.

ಟೋಪಿ ಕೂರಿಸುವ ಹೊತ್ತೇ ನಾಜೂಕಿನದು. ಗುಂಡಿಯ ಬುಡಕ್ಕೆ ಬಿಳಿ ರಿಂಗು ಹಾಕಿ ಸಂದು ಮುಚ್ಚದಿದ್ದರೆ ಟೋಪಿಯನ್ನು ಸೆಟ್ಟಿಗೆ ಅಂಟಿಸುವ ಹಸಿ ಅಕ್ರಿಲಿಕ್ (ಸೆಟ್ಟಿನ ಪ್ಲಾಸ್ಟಿಕ್) ಕೆಳಗಿಳಿದು ಗಟ್ಟಿಯಾಗಿ, ಸೆಟ್ಟು ಬಾಯಲ್ಲೇ ಸಿಕ್ಕಿಬೀಳುತ್ತದೆ. ಟೋಪಿಯ ಮೇಲೆ ಅಕ್ರಿಲಿಕ್ ತೆಳುವಾದರೆ ಅಲ್ಲೇ ಬಿರುಕು. ತಿರುಪುಗಳು ಒಂದಕ್ಕೊಂದು ಓರೆಯಾಗಿದ್ದರೆ ನೈಲಾನ್ ಬೇಗ ಸವೆಯುತ್ತದೆ. ಸರಿಯಿದ್ದರೂ ಅದು ಸವೆಯುವ ವಸ್ತುವೇ. ಹಿಡಿತ ಸಡಿಲಾದಾಗ ಬದಲಿಸಲೇಬೇಕು. ಈ ಮಾತನ್ನು ದುಡ್ಡು ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಿ. ಟೋಪಿಯ ಹಿಡಿತ ಎಷ್ಟೆಂದು ಅದರ ಬಣ್ಣವೇ ಹೇಳುತ್ತದೆ. ಕೈಬೆರಳು ಬಿಗಿದಿರುವ ಹಿರಿಯರಿಗೆ ಬಿಗಿಹಿಡಿತದ ಬಿಳಿ ಟೋಪಿ ಬೇಡ, ತೆಗೆಯಲಾಗದೆ ಒದ್ದಾಡುತ್ತಾರೆ. ನೀಲಿಯ ಹಿಡಿತ ಎಲ್ಲಕ್ಕಿಂತ ಹಗುರ, ಗುಲಾಬಿಯದು ನಡುವಿನದು.

ಇಂಪ್ಲಾಂಟ್ ಹಾಕಿದ ಮಾತ್ರಕ್ಕೆ ಕೆಟ್ಟ ಸೆಟ್ಟು ಒಳ್ಳೆಯದಾಗದು. ಹಿಂಭಾಗ ಈಗಲೂ ವಸಡಿನ ಮೇಲೇ ಕೂರಬೇಕು. ಆದ್ದರಿಂದ ಅಂಚಿನ ಅಳತೆಯನ್ನು, ಬಿಸಿಗೆ ಮೆತ್ತಗಾಗುವ ಅಚ್ಚುಕಡ್ಡಿಯಾದ ಗ್ರೀನ್ ಸ್ಟಿಕ್‌ನಿಂದ ನಾಲಿಗೆ, ಕೆನ್ನೆ ಆಡಿಸಿಯೇ ತೆಗೆಯಬೇಕು, ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವ ಟ್ರಯಲ್ ತಪ್ಪಿಸಬಾರದು. ಕೆಲವು ವರ್ಷಗಳಲ್ಲಿ ಹಿಂದಿನ ಮೂಳೆ ಇಳಿದು, ಸೆಟ್ಟು ಎರಡು ಗುಂಡಿಗಳ ಮೇಲೆ ತಕ್ಕಡಿಯಂತೆ ತೂಗಾಡತೊಡಗುತ್ತದೆ. ಆಗ ರೀಲೈನ್, ಅಂದರೆ ಸೆಟ್ಟಿನ ಒಳಮೈಗೆ ಹೊಸ ಪದರ, ಮಾಡಿಸಬೇಕು. ಬಿಟ್ಟರೆ ನಡುವೆಯೇ ಮುರಿಯುತ್ತದೆ.

ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬಿಡಲಾಗದ ಬೀಡಿ, ದವಡೆಗೆ ರೇಡಿಯೇಷನ್ ಆದವರು, ಮೂಳೆಗಾಗಿ ಬಿಸ್ಫಾಸ್ಫೊನೇಟ್ ಇಂಜೆಕ್ಷನ್ ಪಡೆಯುತ್ತಿರುವವರು ಅವಸರಪಡಬಾರದು. ಚೆನ್ನಾಗಿ ಮಾಡಿದ ಸಾದಾ ಸೆಟ್ಟೇ ಅವರಿಗೆ ಸುರಕ್ಷಿತ. ಮೇಲೆ ಇಂಪ್ಲಾಂಟ್ ಹಾಕಿ ಅಂಗುಳ ತೆರೆದಿಡಬೇಕೆಂದರೆ ಸಾಮಾನ್ಯವಾಗಿ ನಾಲ್ಕು ಬೇಕಾಗುತ್ತದೆ. ಸಾದಾ ಸೆಟ್ಟಿಗೆ ಓಕರಿಕೆ ಬರುವವರಿಗೆ ಮಾತ್ರ ಆ ಖರ್ಚು ಸಾರ್ಥಕ.

ರಾತ್ರಿ ಸೆಟ್ಟು ತೆಗೆದು ತಣ್ಣೀರಿನಲ್ಲಿಡಿ. ಗುಂಡಿಯ ಸುತ್ತ ಮೆತ್ತನೆಯ ಬ್ರಷ್ ಆಡಿಸಿ. ರಕ್ತ ಕಂಡರೆ ಆ ವಾರವೇ ತೋರಿಸಿ, ಮೂಳೆ ಕರಗುವಾಗ ನೋವಿರುವುದಿಲ್ಲ.