ಮಂಡಿ ನೋವಿಗೆ ಪೆಪ್ಟೈಡ್ ಇಂಜೆಕ್ಷನ್ ತಗೊಳ್ಳುವ ಯೋಚನೆ ಇದ್ದರೆ ಮೊದಲು ಇದನ್ನು ಓದಿ

ಜಿಮ್‌ನಲ್ಲೋ ಗ್ರೌಂಡ್‌ನಲ್ಲೋ ಯಾರಾದರೂ ಬಿಪಿಸಿ-157, ಟಿಬಿ-500 ಅಂತ ಪೆಪ್ಟೈಡ್‌ಗಳ (ಪ್ರೋಟೀನಿನಂಥ ಸಣ್ಣ ಸರಪಳಿಗಳ) ಹೆಸರು ಹೇಳಿ, "ಇದನ್ನು ಚುಚ್ಚಿಕೋ, ಗಾಯ ಅರ್ಧ ಟೈಮಲ್ಲಿ ವಾಸಿಯಾಗುತ್ತೆ" ಅಂದರೆ ದಯವಿಟ್ಟು ತಗೋಬೇಡಿ. ನನ್ನ ತಮ್ಮ ತಗೊಂಡ. ಅವನ ಎಡ ಮಂಡಿಯ ಪಕ್ಕ ಇವತ್ತಿಗೂ ಕಪ್ಪಗೆ ಗುಳಿ ಬಿದ್ದ ಕಲೆಗಳಿವೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ತಮ್ಮ ಕಬಡ್ಡಿ ಆಡುತ್ತಾನೆ. ಮಂಡಿ ಚಿಪ್ಪಿನ ಕೆಳಗಿನ ಟೆಂಡನ್ (ಮೂಳೆಗೆ ಅಂಟಿರುವ ಗಟ್ಟಿ ನಾರು) ನೋವು ಶುರುವಾಗಿ ಮೆಟ್ಟಿಲು ಇಳಿಯೋದೂ ಕಷ್ಟವಾಗಿತ್ತು. ಸ್ವಲ್ಪ ಕಾಲ ಆಟ ಬಿಡಬೇಕು, ನಿಧಾನವಾಗಿ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಬೇಕು, ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ ಅಂತ ಫಿಸಿಯೋ ಹೇಳಿದ್ದರು. ರಾಜ್ಯ ತಂಡದ ಆಯ್ಕೆ ಹತ್ತಿರ ಇತ್ತು. ಅಂಥ ಹೊತ್ತಲ್ಲಿ ತಿಂಗಳುಗಟ್ಟಲೆ ಕಾಯಿ ಅಂದರೆ ಯಾವ ಹುಡುಗ ಕೇಳುತ್ತಾನೆ? ಜಿಮ್‌ನ ಪರಿಚಯದವರೊಬ್ಬರು ಅವನನ್ನು ಫೋನಿನ ಒಂದು ಗುಂಪಿಗೆ ಸೇರಿಸಿದರು. ದುಡ್ಡು ಕಳಿಸಿದ. ಕೊರಿಯರ್‌ನಲ್ಲಿ ವಯಲ್ ಬಂತು. ಬಿಲ್ ಇಲ್ಲ, ಡಾಕ್ಟರ್ ಚೀಟಿ ಕೇಳಿದವರೂ ಇಲ್ಲ.

ಆ ವಯಲನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೆಬ್ಬೆರಳಷ್ಟು ಗಾಜಿನ ಸೀಸೆ, ನೀಲಿ ಮುಚ್ಚಳ, ತಳದಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಲೇಬಲ್ ಮೇಲೆ ಹೆಸರು, 5 ಮಿಲಿಗ್ರಾಂ ಅನ್ನೋ ಅಳತೆ, ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ. ಅಷ್ಟೇ. ಮೆಡಿಕಲ್ ಶಾಪಲ್ಲಿ ಹತ್ತು ರೂಪಾಯಿಯ ಮಾತ್ರೆ ತಗೊಂಡರೂ ಅದರ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಇರುತ್ತೆ ಅಲ್ವಾ? ಇದರ ಮೇಲೆ ಅದ್ಯಾವುದೂ ಇರಲಿಲ್ಲ.

ಮಾರುವವರು ಶುದ್ಧತೆಯ ಸರ್ಟಿಫಿಕೇಟ್ ಕೂಡ ಕಳಿಸಿದ್ದರು. ಅದರಲ್ಲಿ 99% ಅಂತ ಇತ್ತು. ತಮ್ಮ ನಂಬಿದ್ದೇ ಅದನ್ನು. ಎಲ್ಲರೂ ನಂಬೋದೂ ಅದನ್ನೇ, ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಟೆಸ್ಟ್ ಅಸಲಿಯೇ ಇರಲಿ ಅಂದುಕೊಳ್ಳೋಣ. ಪುಡಿಯಲ್ಲಿರುವ ಪೆಪ್ಟೈಡ್‌ನಲ್ಲಿ ಎಷ್ಟು ಪಾಲು ಹೇಳಿದ ಪೆಪ್ಟೈಡ್, ಎಷ್ಟು ಪಾಲು ಬೇರೆ ತುಣುಕು ಅಂತ ಮಾತ್ರ ಅದು ಹೇಳುತ್ತೆ. ಸೀಸೆಯೊಳಗೆ ರೋಗಾಣು ಇದೆಯಾ, ಸತ್ತ ಬ್ಯಾಕ್ಟೀರಿಯಾದ ವಿಷ ಉಳಿದಿದೆಯಾ ಅನ್ನೋದಕ್ಕೆ ಬೇರೆಯೇ ಪರೀಕ್ಷೆಗಳು ಬೇಕು. ಅದಿರಲಿ, ಸರ್ಟಿಫಿಕೇಟ್ ಇದೇ ಸೀಸೆಯದ್ದು ಅನ್ನೋದಕ್ಕೆ ಏನು ಗ್ಯಾರಂಟಿ? ಬ್ಯಾಚ್ ನಂಬರೇ ಇಲ್ಲ.

ಇನ್ನು ಚುಚ್ಚಿಕೊಳ್ಳುವ ಮೊದಲು ಆ ಪುಡಿಯನ್ನು ಕಲಸುವ ನೀರು. ಅದರಲ್ಲಿ 0.9% ಬೆಂಜೈಲ್ ಆಲ್ಕೋಹಾಲ್ ಇರುತ್ತೆ, ಹಾಗಾಗಿ ಭಯವಿಲ್ಲ ಅಂತ ಗುಂಪಿನಲ್ಲಿ ಹೇಳಿದ್ದರು. ಅದು ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯುವ ಪದಾರ್ಥ. ಮೊದಲೇ ಕೊಳಕಾದ ಪುಡಿಯನ್ನು ಅದು ಸ್ವಚ್ಛ ಮಾಡಲ್ಲ.

ತಮ್ಮ ಇನ್ಸುಲಿನ್ ಸಿರಿಂಜ್‌ನಲ್ಲಿ ದಿನಾ ಮಂಡಿಯ ಪಕ್ಕ ಚುಚ್ಚಿಕೊಂಡ. ಮೊದಲಿಗೆ ನೋವು ಕಮ್ಮಿ ಆಯಿತು. ಅಷ್ಟೂ ದಿನ ಅವನು ಆಟ ಬಿಟ್ಟು ರೆಸ್ಟ್ ಮಾಡಿದ್ದ ಅನ್ನೋದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಕೆಲವು ವಾರ ಕಳೆದ ಮೇಲೆ ಚುಚ್ಚಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತು. ಮುಟ್ಟಿದರೆ ಜಾಸ್ತಿ ನೋವಿಲ್ಲ. ಆಮೇಲೆ ಪಕ್ಕದಲ್ಲೇ ಇನ್ನೊಂದು. ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ತೆಳ್ಳಗಾಗಿ ಒಡೆಯಿತು, ನೀರು ನೀರಾದ ಕೀವು ಬಂತು. ಡಾಕ್ಟರ್ ಕೊಟ್ಟ ಆಂಟಿಬಯಾಟಿಕ್ ಕೋರ್ಸ್ ಮುಗಿದರೂ ಗಾಯ ಒಣಗಲಿಲ್ಲ. ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಕೀವಿನ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬಂತು.

ಇಂಜೆಕ್ಷನ್ ವಿಷಯವನ್ನು ಅವನು ಡಾಕ್ಟರ್‌ಗೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಎರಡನೇ ಡಾಕ್ಟರ್ ಗಂಟುಗಳು ಸಾಲಾಗಿ ಇರೋದನ್ನು ನೋಡಿ, "ಇಲ್ಲಿ ಏನಾದರೂ ಚುಚ್ಚಿಕೊಂಡಿದ್ದೀಯಾ?" ಅಂತ ನೇರವಾಗಿ ಕೇಳಿದರು. ಆಗ ಬಾಯಿ ಬಿಟ್ಟ. ಅವರು ಕೀವನ್ನು ಬೇರೆ ಟೆಸ್ಟ್‌ಗೆ ಕಳಿಸಿದರು. ಕ್ಷಯದ ಬ್ಯಾಕ್ಟೀರಿಯಾದ ಸಂಬಂಧಿ, ಆದರೆ ಕ್ಷಯ ಅಲ್ಲದ ಮೈಕೋಬ್ಯಾಕ್ಟೀರಿಯಾ ಸಿಕ್ಕಿತು. ಇವು ನೀರು, ಮಣ್ಣಿನಲ್ಲಿ ಬದುಕುವಂಥವು. ಇಂಜೆಕ್ಷನ್ ಮೂಲಕ ಒಳಗೆ ಹೋದರೆ ವಾರಗಳ ನಂತರ ಹೀಗೆ ಗಂಟಾಗಿ ಏಳುತ್ತವೆ. ಎರಡು ಮೂರು ದಿನಕ್ಕೆ ಮುಗಿಸುವ ಸಾಮಾನ್ಯ ಕಲ್ಚರ್‌ನಲ್ಲಿ ಕಣ್ಣು ತಪ್ಪಿಸುತ್ತವೆ, ಸಾಮಾನ್ಯ ಆಂಟಿಬಯಾಟಿಕ್‌ಗೂ ಬಗ್ಗಲ್ಲ. ಗಂಟುಗಳನ್ನು ಕೊಯ್ದು ತೆಗೆದರು. ತಿಂಗಳುಗಟ್ಟಲೆ ಒಟ್ಟೊಟ್ಟಿಗೆ ಎರಡು ಮೂರು ಔಷಧಿ. ಅದರಲ್ಲಿ ಒಂದಾದ ಅಮಿಕಾಸಿನ್ ಕಿವಿಗೂ ಕಿಡ್ನಿಗೂ ತೊಂದರೆ ಮಾಡಬಹುದು, ಅದಕ್ಕೆ ಮೇಲಿಂದ ಮೇಲೆ ರಕ್ತ ಪರೀಕ್ಷೆ. ಅಮ್ಮ ಪ್ರತಿ ರಿಪೋರ್ಟಿಗೂ ಉಸಿರು ಬಿಗಿ ಹಿಡಿದು ಕೂರುತ್ತಿದ್ದರು. ಸೋಂಕು ಮಂಡಿ ಕೀಲಿನೊಳಗೆ ಇಳಿಯದೇ ಇದ್ದದ್ದೇ ನಮ್ಮ ಪುಣ್ಯ.

ಮಾರಿದವರಿಗೆ ಫೋಟೋ ಕಳಿಸಿ ಕೇಳಿದೆ. ನಂಬರ್ ಬ್ಲಾಕ್ ಮಾಡಿದರು. ನನಗೆ ಸಿಟ್ಟು ಬರೋದು ಇಲ್ಲಿಯೇ. ಮನುಷ್ಯರಿಗಲ್ಲ ಅಂತ ಲೇಬಲ್ ಹಚ್ಚಿ, ಮನುಷ್ಯರಿಗೆ ಎಷ್ಟು ಡೋಸ್ ಅಂತ ಗುಂಪಿನಲ್ಲಿ ಹೇಳಿಕೊಟ್ಟು, ಏನಾದರೂ ಆದರೆ ಆ ಲೇಬಲ್ ತೋರಿಸಿ ಜಾರಿಕೊಳ್ಳುತ್ತಾರೆ.

ಪೆಪ್ಟೈಡ್ ಬಗ್ಗೆಯೂ ಹೇಳಬೇಕು. ಬಿಪಿಸಿ-157 ಅಂದರೆ 15 ಅಮೈನೋ ಆಮ್ಲಗಳ ಸಣ್ಣ ಸರಪಳಿ. ಅದರ ಬಗ್ಗೆ ಬಂದಿರುವ ಪ್ರಯೋಗಗಳಲ್ಲಿ ಬಹುಪಾಲು ಇಲಿಗಳ ಮೇಲೆ, ಅದರಲ್ಲೂ ಹೆಚ್ಚಿನವು ಕ್ರೊಯೇಷಿಯಾದ ಝಾಗ್ರೆಬ್ ವಿಶ್ವವಿದ್ಯಾಲಯದ ಒಂದೇ ತಂಡದವು. ಮನುಷ್ಯರ ಟೆಂಡನ್ ವಾಸಿ ಮಾಡುತ್ತೆ ಅಂತ ತೋರಿಸಿದ ದೊಡ್ಡ ಪರೀಕ್ಷೆ ಇಲ್ಲ. ಹೊಸ ರಕ್ತನಾಳ ಬೆಳೆಸುತ್ತೆ ಅನ್ನೋದನ್ನು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಕ್ಯಾನ್ಸರ್ ಗೆಡ್ಡೆ ಬೆಳೆಯುವುದಕ್ಕೂ ಹೊಸ ರಕ್ತನಾಳ ಬೇಕು, ಅದನ್ನು ಹೇಳಲ್ಲ.

ಆಟಗಾರರು ಇದನ್ನಂತೂ ಗಮನಿಸಲೇಬೇಕು. ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2022ರಿಂದ ಬಿಪಿಸಿ-157 ಅನ್ನು ನಿಷೇಧಿತ ಪಟ್ಟಿಯಲ್ಲಿ ಹೆಸರಿಸಿದೆ. ಟಿಬಿ-500 ಕೂಡ ನಿಷೇಧಿತವೇ. ಗಾಯಕ್ಕೆ ತಗೊಂಡೆ ಅಂದರೆ ರಿಯಾಯಿತಿ ಸಿಗುತ್ತೆ ಅಂದುಕೊಳ್ಳಬೇಡಿ. ತಮ್ಮನಿಗೆ ಇದು ಗೊತ್ತಾದದ್ದು ಆಸ್ಪತ್ರೆಯ ಹಾಸಿಗೆ ಮೇಲೆ.

ಈಗಾಗಲೇ ತಗೊಂಡವರು ನಿಲ್ಲಿಸಿ. ಚುಚ್ಚಿದ ಜಾಗದಲ್ಲಿ ಗಂಟು, ಕೆಂಪು, ಒಣಗದ ಗಾಯ ಏನೇ ಕಂಡರೂ, ತಗೊಂಡು ಎಷ್ಟೇ ದಿನ ಆಗಿದ್ದರೂ ಡಾಕ್ಟರ್ ಹತ್ತಿರ ಹೋಗಿ ಇಂಜೆಕ್ಷನ್ ವಿಷಯವನ್ನು ಮೊದಲು ಹೇಳಿ. ಡಾಕ್ಟರ್ ಬೈದರೆ ಬೈಯಲಿ. ಉಳಿದ ಸೀಸೆಯನ್ನು ಎಸೆಯಬೇಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಜೊತೆಗೆ ಒಯ್ಯಿರಿ. ಔಷಧಿಗಳಿಂದಾದ ತೊಂದರೆಯನ್ನು ದಾಖಲಿಸಲು 1800-180-3024 ಅನ್ನೋ ಸರ್ಕಾರದ ಉಚಿತ ಸಹಾಯವಾಣಿ ಇದೆ, ಅಲ್ಲಿಗೂ ತಿಳಿಸಿ.